ರಾಷ್ಟ್ರಮಟ್ಟದ ರೋಬೋಟ್ ಸ್ಪರ್ಧೆಗೆ ನಮ್ಮ ಮಕ್ಕಳು ಆಯ್ಕೆಯಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳೊಂದಿಗೆ ಕುಳಿತು ರೋಬೋಟ್ ಕಟ್ಟುವುದು ಹಲವು ವರ್ಷಗಳಿಂದ ನಡೆದು ಬಂದಿದೆ. ಪೋಷಕರ ಸಭೆಯಲ್ಲಿ, ಮೈಸೂರಿನ ರೈಲಿನಲ್ಲಿ, ಬೇರೆ ಊರಿನ ಶಿಕ್ಷಕರು ಬರೆಯುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಹೆಸರು ನೋಂದಾಯಿಸುವ ಮೊದಲು ಆ ವರ್ಷದ ನಿಯಮಪುಸ್ತಕವನ್ನು ಮಕ್ಕಳ ಜೊತೆ ಕುಳಿತು ಓದಿ.

## ಈಗಷ್ಟೇ ಶುರು ಮಾಡುವವರಿಗೆ

ಮೇಷ್ಟ್ರೇ, ನ್ಯಾಷನಲ್ ನ್ಯಾಷನಲ್ ಎನ್ನುತ್ತಾರಲ್ಲ, ಅದು ಯಾವುದು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಎಲ್ಲರೂ ಹೇಳುವುದು ಸರಿಯೇ, ಏಕೆಂದರೆ ರಾಷ್ಟ್ರೀಯ ಸ್ಪರ್ಧೆ ಎಂಬುದು ಒಂದೇ ಅಲ್ಲ. ಶಾಲಾ ಮಕ್ಕಳಿಗೆ ಮುಖ್ಯವಾದವು ಎರಡು. ಮೊದಲನೆಯದು ಫಸ್ಟ್ ಲೆಗೊ ಲೀಗ್. ಡೀನ್ ಕಾಮೆನ್ ಅಮೆರಿಕದಲ್ಲಿ 1989ರಲ್ಲಿ ಹುಟ್ಟುಹಾಕಿದ ‘ಫಸ್ಟ್’ ಸಂಸ್ಥೆ ಮತ್ತು ಜೋಡಿಸಿ ಆಡುವ ತುಂಡುಗಳನ್ನು ಮಾಡುವ ಲೆಗೊ ಕಂಪನಿ ಸೇರಿ 1998ರಲ್ಲಿ ಇದನ್ನು ಶುರು ಮಾಡಿದವು. ಎರಡನೆಯದು ವರ್ಲ್ಡ್ ರೋಬೋಟ್ ಒಲಿಂಪಿಯಾಡ್. ಎಲ್ಲರ ಬಾಯಲ್ಲಿ ಅದು ಡಬ್ಲ್ಯುಆರ್‌ಒ. 2004ರಲ್ಲಿ ಸಿಂಗಪುರದಲ್ಲಿ ಆರಂಭವಾದ ಇದರ ಅಂತರರಾಷ್ಟ್ರೀಯ ಸುತ್ತು 2016ರಲ್ಲಿ ನಮ್ಮ ದೆಹಲಿ ಸೀಮೆಯಲ್ಲೇ ನಡೆಯಿತು. ನಮ್ಮ ದೇಶದಲ್ಲಿ ಇದರ ಸುತ್ತುಗಳನ್ನು ಇಂಡಿಯಾ ಸ್ಟೆಮ್ ಫೌಂಡೇಶನ್ ನಡೆಸುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಫಸ್ಟ್ ಟೆಕ್ ಚಾಲೆಂಜ್ ಇದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡಿಡಿ ರೋಬೋಕಾನ್ ಇದೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹೆಸರಿನಲ್ಲಿ ಮಾತ್ರ ‘ರಾಷ್ಟ್ರೀಯ’ ಎಂದಿರುವ, ಶುಲ್ಕ ಕಟ್ಟಿದವರಿಗೆಲ್ಲ ಪದಕ ಹಂಚುವ ಕೂಟಗಳೂ ಇವೆ. ಹಣ ಕಟ್ಟುವ ಮುನ್ನ ಮೂರು ವಿಷಯ ವಿಚಾರಿಸಿ. ಕೆಳಗಿನ ಸುತ್ತಿನಿಂದ ಗೆದ್ದು ಬಂದವರು ಮಾತ್ರ ಅಲ್ಲಿ ಆಡುತ್ತಾರೆಯೇ? ನಿಯಮಪುಸ್ತಕ ಮೊದಲೇ ಎಲ್ಲರಿಗೂ ಸಿಗುತ್ತದೆಯೇ? ಗೆದ್ದ ತಂಡಕ್ಕೆ ಮುಂದೆ ಹೋಗಲು ಇನ್ನೊಂದು ಮೆಟ್ಟಿಲು ಇದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಹಣದಲ್ಲಿ ಎರಡು ಮೋಟಾರು ಕೊಳ್ಳಿ.

ನನ್ನ ಮಗಳು ಎಂಟನೇ ತರಗತಿ. ಯಾವುದಕ್ಕೆ ಸೇರಿಸಲಿ?

ಎರಡಕ್ಕೂ ಅವಳ ವಯಸ್ಸು ಹೊಂದುತ್ತದೆ. ಲೆಗೊ ಲೀಗ್‌ನ ಚಾಲೆಂಜ್ ವಿಭಾಗ 9ರಿಂದ 16 ವರ್ಷದವರಿಗೆ. ತಂಡದಲ್ಲಿ ಇಬ್ಬರಿಂದ ಹತ್ತು ಮಕ್ಕಳು ಇರಬಹುದು. ಡಬ್ಲ್ಯುಆರ್‌ಒದಲ್ಲಿ ತಂಡವೆಂದರೆ ಇಬ್ಬರು ಅಥವಾ ಮೂವರು. ರೋಬೋಟ್ ಮೈದಾನದ ಮೇಲೆ ತಾನೇ ಓಡಿ ಕೆಲಸ ಮುಗಿಸುವ ಅದರ ರೋಬೋಮಿಷನ್ ವಿಭಾಗದಲ್ಲಿ 8ರಿಂದ 12, 11ರಿಂದ 15, 14ರಿಂದ 19 ಎಂಬ ಮೂರು ವಯೋಮಿತಿಗಳಿವೆ.

ಮಗುವಿನ ಸ್ವಭಾವ ನೋಡಿ ಆರಿಸುವುದು ಒಳ್ಳೆಯದು. ಹತ್ತು ಜನರ ನಡುವೆ ಅರಳುವ ಮಗು, ಮಾತನಾಡಲು, ಚಿತ್ರ ಬರೆಯಲು, ಊರು ಸುತ್ತಿ ವಿಷಯ ಸಂಗ್ರಹಿಸಲು ಇಷ್ಟಪಡುವ ಮಗು ಲೆಗೊ ಲೀಗ್‌ಗೆ ಹೋಗಲಿ. ಒಂದೇ ಸಮಸ್ಯೆಯನ್ನು ಹಿಡಿದು ಊಟ ಮರೆಯುವ ಮಗು ಡಬ್ಲ್ಯುಆರ್‌ಒದಲ್ಲಿ ಸಂತೋಷವಾಗಿರುತ್ತದೆ.

ನಮ್ಮದು ಹಳ್ಳಿಯ ಸರ್ಕಾರಿ ಶಾಲೆ. ಕಿಟ್ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಮೊದಲು ಹತ್ತಿರದಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ನೋಡಿ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಈ ಪ್ರಯೋಗಾಲಯಗಳನ್ನು ಕಟ್ಟಿಸುತ್ತಾ ಬಂದಿದೆ. ಆಯ್ಕೆಯಾದ ಶಾಲೆಗೆ ಕಟ್ಟುವುದಕ್ಕೆ 10 ಲಕ್ಷ, ನಡೆಸುವುದಕ್ಕೆ 10 ಲಕ್ಷ, ಒಟ್ಟು 20 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುವ ಯೋಜನೆ ಅದು. ಸರ್ಕಾರಿ ಶಾಲೆಗಳಲ್ಲಿ ಇಂತಹ 50,000 ಲ್ಯಾಬ್‌ಗಳನ್ನು ಐದು ವರ್ಷಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಯಿತು. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ. ಶನಿವಾರ ಮಧ್ಯಾಹ್ನ ಬೀಗ ಹಾಕಿಕೊಂಡಿರುವ ಕೋಣೆಯನ್ನು ನಮ್ಮ ಮಕ್ಕಳಿಗೆ ಬಿಟ್ಟುಕೊಡಿ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಲೆಗೊ ಕಿಟ್ ಹತ್ತಾರು ಸಾವಿರ ರೂಪಾಯಿಯ ವಸ್ತು, ನಿಜ. ಆದರೆ ಒಂದು ಕಿಟ್ ಜೋಪಾನ ಮಾಡಿದರೆ ಹಲವು ತಂಡಗಳು ಅದರ ಮೇಲೆ ಕಲಿಯುತ್ತವೆ. ನಮ್ಮ ಮೊದಲ ಕಿಟ್‌ಗೆ ಅರ್ಧ ಹಣ ಕೊಟ್ಟದ್ದು ಹಳೆಯ ವಿದ್ಯಾರ್ಥಿಗಳು, ಉಳಿದದ್ದು ಊರಿನ ಹಾಲಿನ ಡೈರಿ. ಡೈರಿಯ ಸಭೆಯಲ್ಲಿ ಮಕ್ಕಳೇ ನಿಂತು ಹಳೆಯ ರೋಬೋಟ್ ಒಂದನ್ನು ಓಡಿಸಿ ತೋರಿಸಿದರು. ನಾನು ಹತ್ತು ಅರ್ಜಿ ಬರೆದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಶಾಲೆಯವರು ಆಸಕ್ತಿ ತೋರುತ್ತಿಲ್ಲ. ಬೀದಿಯ ಮಕ್ಕಳೇ ಸೇರಿ ತಂಡ ಕಟ್ಟಬಹುದೇ?

ಕಟ್ಟಬಹುದು. ಲೆಗೊ ಲೀಗ್‌ಗಾಗಲಿ ಡಬ್ಲ್ಯುಆರ್‌ಒಗಾಗಲಿ ಎಲ್ಲರೂ ಒಂದೇ ಶಾಲೆಯವರಾಗಿರಬೇಕಿಲ್ಲ. ಜವಾಬ್ದಾರಿ ಹೊರುವ ವಯಸ್ಕ ಮಾರ್ಗದರ್ಶಿ ಮಾತ್ರ ಬೇಕೇ ಬೇಕು. ಮೈಸೂರು, ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ವಾರಕ್ಕೊಂದು ಸಂಜೆ ಬರುವಂತೆ ಕೇಳಿನೋಡಿ. ನಾವು ಕೇಳಿದಾಗ ಬಾರದವರು ಕಡಿಮೆ.

ಕೋಡಿಂಗ್ ಗೊತ್ತಿರಲೇಬೇಕೇ?

ಬೇಡ. ಬಣ್ಣದ ಬ್ಲಾಕ್‌ಗಳನ್ನು ಒಂದರ ಕೆಳಗೆ ಒಂದು ಜೋಡಿಸಿ ಪ್ರೋಗ್ರಾಂ ಬರೆಯಬಹುದು. ಆರು ವಾರ ಅದರಲ್ಲಿ ಕೈಯಾಡಿಸಿದ ಮೇಲೆ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ಗೆ ಹೋಗಬೇಕೇ ಬೇಡವೇ ಎಂದು ಮಕ್ಕಳೇ ಹೇಳುತ್ತಾರೆ.

## ಪ್ರಾದೇಶಿಕ ಸುತ್ತು

ಪ್ರಾದೇಶಿಕ ಸುತ್ತಿನ ದಿನ ಏನೇನು ನಡೆಯುತ್ತದೆ?

ಲೆಗೊ ಲೀಗ್‌ನ ದಿನವನ್ನು ಹೇಳುತ್ತೇನೆ. ಸುಮಾರು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಅದರ ಮೇಲೆ ಮುದ್ರಿತ ಮ್ಯಾಟ್, ಮ್ಯಾಟಿನ ಮೇಲೆ ಲೆಗೊದಿಂದ ಕಟ್ಟಿದ ಮಾದರಿಗಳು. ರೋಬೋಟ್ ಎರಡೂವರೆ ನಿಮಿಷದಲ್ಲಿ ಎಷ್ಟು ಕೆಲಸ ಮುಗಿಸುತ್ತದೆಯೋ ಅಷ್ಟು ಅಂಕ. ರಿಮೋಟ್ ಇಲ್ಲ, ಬರೆದಿಟ್ಟ ಪ್ರೋಗ್ರಾಂನಂತೆ ತಾನೇ ಓಡಬೇಕು. ಮೂರು ಸಲ ಓಡಿಸಲು ಅವಕಾಶವಿದ್ದು, ಮೂರರಲ್ಲಿ ಅತಿ ಹೆಚ್ಚು ಬಂದ ಅಂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೇಜಿನ ಬಳಿ ಏಕಕಾಲಕ್ಕೆ ನಾಲ್ವರು ಮಕ್ಕಳಿಗೆ ಮಾತ್ರ ಜಾಗ, ಎಡ ಬಲ ಬದಿಗಳಲ್ಲಿ ಇಬ್ಬಿಬ್ಬರು. ಉಳಿದವರು ಹಿಂದೆ ನಿಂತಿದ್ದು ಸರದಿಯಂತೆ ಬದಲಾಗಬಹುದು.

ಇದರ ಜೊತೆಗೆ ತೀರ್ಪುಗಾರರ ಕೋಣೆಯಲ್ಲಿ ಸುಮಾರು ಅರ್ಧ ಗಂಟೆ. ರೋಬೋಟನ್ನು ಹೇಗೆ ಯೋಚಿಸಿ ಕಟ್ಟಿದಿರಿ, ನಿಮ್ಮ ಸಂಶೋಧನಾ ಯೋಜನೆ ಏನು, ತಂಡವಾಗಿ ಹೇಗೆ ಕೆಲಸ ಮಾಡಿದಿರಿ ಎಂದು ಕೇಳುತ್ತಾರೆ. ಮಾರ್ಗದರ್ಶಿ ಒಳಗೆ ಬಂದರೂ ತುಟಿ ಬಿಚ್ಚುವಂತಿಲ್ಲ.

ನಮ್ಮ ಮಕ್ಕಳ ರೋಬೋಟ್‌ಗೇ ಅಂದು ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಆದರೂ ನ್ಯಾಷನಲ್‌ಗೆ ಬೇರೆ ತಂಡವನ್ನು ಕಳುಹಿಸಿದರು. ಇದು ಅನ್ಯಾಯವಲ್ಲವೇ?

ಈ ನೋವು ನನಗೆ ಗೊತ್ತು, ಅನುಭವಿಸಿದ್ದೇನೆ. ಆದರೆ ಲೆಕ್ಕ ಬಿಡಿಸಿ ನೋಡೋಣ. ಲೆಗೊ ಲೀಗ್‌ನಲ್ಲಿ ಮುಂದಿನ ಸುತ್ತಿನ ಆಯ್ಕೆ ನಾಲ್ಕು ಕಾಲುಗಳ ಮಣೆಯಂತೆ. ಮೇಜಿನ ಮೇಲಿನ ಆಟ, ರೋಬೋಟ್ ವಿನ್ಯಾಸ, ಸಂಶೋಧನಾ ಯೋಜನೆ, ತಂಡವಾಗಿ ನಡೆದುಕೊಳ್ಳುವ ಮೌಲ್ಯಗಳು ಎಂಬ ನಾಲ್ಕಕ್ಕೂ ಸಮನಾದ ತೂಕ, ತಲಾ ಶೇ. 25. ಮೇಜಿನ ಮೇಲೆ ಮೊದಲನೆಯವರಾಗಿ ಉಳಿದ ಮೂರರಲ್ಲಿ ಹಿಂದೆ ಬಿದ್ದವರಿಗಿಂತ, ನಾಲ್ಕರಲ್ಲೂ ಮೂರನೆಯವರಾದ ತಂಡ ಮುಂದೆ ಹೋಗುತ್ತದೆ.

ತೀರ್ಪುಗಾರರ ಪಟ್ಟಿಯಲ್ಲಿ ಪ್ರತಿ ಅಂಶಕ್ಕೂ ಒಂದರಿಂದ ನಾಲ್ಕರವರೆಗೆ ದರ್ಜೆ ಇರುತ್ತದೆ. ಮೂರು ಎಂದರೆ ನಿರೀಕ್ಷೆಗೆ ತಕ್ಕಂತೆ ಇದೆ ಎಂದರ್ಥ. ನಾಲ್ಕು ಕೊಡಬೇಕಾದರೆ ತೀರ್ಪುಗಾರರು ಏಕೆ ಕೊಟ್ಟೆವೆಂದು ಬರೆಯಬೇಕಾಗುತ್ತದೆ. ಅಂದರೆ ಬರೆಯಲು ಅವರ ಕೈಗೆ ನಿಮ್ಮ ಮಕ್ಕಳು ಏನಾದರೂ ಕೊಟ್ಟಿರಬೇಕು. ‘ನಾವು ಚೆನ್ನಾಗಿ ಪರೀಕ್ಷಿಸಿದೆವು’ ಎಂದರೆ ಬರೆಯಲು ಏನೂ ಇಲ್ಲ. ‘ಈ ತೋಳನ್ನು ಐದು ಸಲ ಬದಲಿಸಿದೆವು, ಇವು ಐದರ ಚಿತ್ರಗಳು, ಮೂರನೆಯದು ಏಕೆ ಸೋತಿತೆಂದರೆ’ ಎಂದು ಶುರು ಮಾಡಿದರೆ ಪೆನ್ನು ತಾನೇ ಓಡುತ್ತದೆ. ಸ್ಪರ್ಧೆ ಮುಗಿದ ಮೇಲೆ ಆ ಪಟ್ಟಿಯನ್ನು ತಂಡಕ್ಕೆ ಕೊಡುತ್ತಾರೆ. ಬೇಸರ ಆರಿದ ಮೇಲೆ, ಒಂದು ವಾರ ಬಿಟ್ಟು, ಮಕ್ಕಳ ಜೊತೆ ಕುಳಿತು ಓದಿ. ಮುಂದಿನ ವರ್ಷದ ಕೆಲಸ ಅದರಲ್ಲೇ ಇರುತ್ತದೆ.

ಶಾಲೆಯಲ್ಲಿ ಸರಾಗವಾಗಿ ಓಡಿದ ರೋಬೋಟ್ ಅಲ್ಲಿ ಹೋಗಿ ಏಕೆ ಎಡವುತ್ತದೆ?

ನಾವು ಮೊದಲ ಸಲ ಬೆಂಗಳೂರಿಗೆ ಹೋದಾಗ ಬೆಳಗಿನ ಸುತ್ತು ಹೂವಿನಂತೆ ನಡೆಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಸಭಾಂಗಣದ ಪಶ್ಚಿಮದ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಮ್ಯಾಟಿನ ಮೇಲೆ ಬಿತ್ತು. ರೋಬೋಟ್ ಕಪ್ಪು ಗೆರೆಯ ಮೇಲೆ ತಿರುಗಬೇಕಿತ್ತು, ತಿರುಗಲಿಲ್ಲ. ಗೆರೆಯನ್ನು ದಾಟಿ ನೇರ ಹೋಗಿ ಎದುರಿನ ಅಂಚಿಗೆ ಮೂಗು ತಾಗಿಸಿ ಚಕ್ರ ತಿರುಗಿಸುತ್ತಾ ನಿಂತಿತು. ಒಂಬತ್ತನೇ ತರಗತಿಯ ನಮ್ಮ ಹುಡುಗಿ ಅದನ್ನೇ ನೋಡುತ್ತಿದ್ದಳು. ಸುತ್ತು ಮುಗಿದ ಮೇಲೆ ಅಳಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು ‘ಬೆಳಕು’ ಎಂದು ಬರೆದು ಅಡಿಗೆರೆ ಎಳೆದಳು.

ಆದದ್ದಿಷ್ಟು. ಬಣ್ಣದ ಸೆನ್ಸರ್ ಮ್ಯಾಟಿನಿಂದ ಹಿಂತಿರುಗುವ ಬೆಳಕನ್ನು ಅಳೆಯುತ್ತದೆ. ಕಪ್ಪಿಗೆ ಕಡಿಮೆ ಸಂಖ್ಯೆ, ಬಿಳಿಗೆ ಹೆಚ್ಚು. ನಮ್ಮ ಮಕ್ಕಳು ಶಾಲೆಯ ಟ್ಯೂಬ್‌ಲೈಟಿನ ಕೆಳಗೆ ಅಳೆದ ಸಂಖ್ಯೆಯನ್ನೇ ಪ್ರೋಗ್ರಾಂನಲ್ಲಿ ಕೂರಿಸಿದ್ದರು. ಬಿಸಿಲಿನಲ್ಲಿ ಕಪ್ಪು ಗೆರೆಯೂ ಅದಕ್ಕಿಂತ ಮೇಲೆ ಹೋಯಿತು. ಈಗ ನಮ್ಮ ತಂಡ ಎಲ್ಲಿಗೆ ಹೋದರೂ ಮೊದಲು ಅಲ್ಲಿನ ಮ್ಯಾಟಿನ ಕಪ್ಪು, ಬಿಳಿ ಎರಡನ್ನೂ ಓದಿಸಿ ನಡುವಿನ ಸಂಖ್ಯೆಯನ್ನು ರೋಬೋಟೇ ಲೆಕ್ಕ ಹಾಕಿಕೊಳ್ಳುವ ಹಾಗೆ ಮಾಡಿಕೊಂಡಿದೆ. ಸೆನ್ಸರ್ ಸುತ್ತ ಕಪ್ಪು ತುಂಡುಗಳ ಗೂಡೊಂದನ್ನೂ ಕಟ್ಟಿದೆ.

ಬೇರೆ ಕಾರಣಗಳೂ ಇವೆ. ‘ಎರಡು ಸೆಕೆಂಡು ಓಡು’ ಎಂದು ಬರೆದರೆ ತುಂಬಿದ ಬ್ಯಾಟರಿಯಲ್ಲಿ ಒಂದು ದೂರ, ಅರ್ಧ ಇಳಿದ ಬ್ಯಾಟರಿಯಲ್ಲಿ ಇನ್ನೊಂದು ದೂರ. ಆದ್ದರಿಂದ ಸಮಯದ ಬದಲು ಚಕ್ರದ ಸುತ್ತುಗಳನ್ನು ಎಣಿಸಬೇಕು. ರೋಬೋಟ್ ಎಷ್ಟು ತಿರುಗಿತೆಂದು ಅಳೆಯುವ ಗೈರೊ ಸೆನ್ಸರ್ ಇದ್ದರೆ ಶುರುವಿನಲ್ಲಿ ರೋಬೋಟನ್ನು ಅಲುಗಾಡಿಸದೆ ಇಡಬೇಕು, ಇಲ್ಲದಿದ್ದರೆ ಸುಮ್ಮನೆ ನಿಂತಾಗಲೂ ಅದರ ಕೋನ ಜಾರುತ್ತಾ ಹೋಗುತ್ತದೆ. ಎರಡು ಮೂರು ಕೆಲಸಕ್ಕೊಮ್ಮೆ ಮೇಜಿನ ಅಂಚಿಗೆ ಬೆನ್ನು ಒತ್ತಿಸಿ ನೇರ ಮಾಡಿಕೊಂಡರೆ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುವುದಿಲ್ಲ. ಇನ್ನು ಚಕ್ರದ ರಬ್ಬರಿನ ಮೇಲಿನ ದೂಳು! ಪ್ರತಿ ಸುತ್ತಿಗೂ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಷ್ಟು ಕೆಲಸ ಮಾಡಿಸಿದರೆ ಆಯ್ಕೆಗೆ ಸಾಕು? ಎಲ್ಲವನ್ನೂ ಮಾಡಬೇಕೇ?

ಎಲ್ಲವನ್ನೂ ಕೈಗೆತ್ತಿಕೊಂಡ ತಂಡಗಳು ಸೋಲುವುದನ್ನೇ ಹೆಚ್ಚು ನೋಡಿದ್ದೇನೆ. ನಮ್ಮ ಕೋಣೆಯ ಕಟ್ಟಳೆ ಹೀಗಿದೆ. ಹತ್ತು ಸಲ ಓಡಿಸಿ ಎಂಟು ಸಲ ಸರಿಯಾಗಿ ಮಾಡಿದ ಕೆಲಸಕ್ಕೆ ಮಾತ್ರ ಸ್ಪರ್ಧೆಯಲ್ಲಿ ಜಾಗ. ಹತ್ತಕ್ಕೆ ನಾಲ್ಕು ಸಲ ಆಗುವ ಕೆಲಸ ಎಷ್ಟೇ ಅಂಕದ್ದಾದರೂ ಹೊರಗೆ.

ಇನ್ನೊಂದು ಲೆಕ್ಕವನ್ನು ಹೊಸ ತಂಡಗಳು ಗಮನಿಸುವುದಿಲ್ಲ. ಲೆಗೊ ಲೀಗ್‌ನಲ್ಲಿ ಆರಂಭಕ್ಕೆ ಆರು ಬಿಲ್ಲೆಗಳನ್ನು ಕೊಟ್ಟಿರುತ್ತಾರೆ. ರೋಬೋಟ್ ಹೊರಡುವ ಜಾಗವಾದ ‘ಮನೆ ಅಂಗಳ’ದ ಹೊರಗೆ ಅದನ್ನು ಕೈಯಿಂದ ಮುಟ್ಟಿ ಎತ್ತಿದರೆ ಒಂದು ಬಿಲ್ಲೆ ಹೋಗುತ್ತದೆ. ಆರು ಉಳಿದರೂ 50 ಅಂಕ, ಐದು ಉಳಿದರೂ 50. ನಾಲ್ಕಾದರೆ 35, ಮೂರಾದರೆ 25. ಹಾಗಾಗಿ ದಾರಿ ತಪ್ಪಿದ ರೋಬೋಟನ್ನು ಮೊದಲ ಸಲ ಎತ್ತಿಕೊಂಡು ಬಂದರೆ ನಷ್ಟವೇ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಸಿಕ್ಕಿಹಾಕಿಕೊಂಡ ರೋಬೋಟನ್ನು ನೋಡುತ್ತಾ ಅಮೂಲ್ಯ ಇಪ್ಪತ್ತು ಸೆಕೆಂಡು ನಿಂತುಬಿಡುತ್ತಾರೆ.

ಸಂಶೋಧನಾ ಯೋಜನೆಗೆ ವಿಷಯ ಎಲ್ಲಿಂದ ತರುವುದು?

ಪ್ರತಿ ವರ್ಷ ಸಂಘಟಕರೇ ಒಂದು ವಸ್ತು ಕೊಡುತ್ತಾರೆ. 2022–23ರಲ್ಲಿ ಶಕ್ತಿಯ ಮೂಲಗಳು, 2023–24ರಲ್ಲಿ ಕಲೆ, 2024–25ರಲ್ಲಿ ಸಾಗರ, 2025–26ರಲ್ಲಿ ಪುರಾತತ್ವ. ಅದನ್ನು ನಿಮ್ಮ ಊರಿಗೆ ತಂದುಕೊಳ್ಳಿ. ಪುರಾತತ್ವ ಎಂದಾಗ ಮೈಸೂರು ಸೀಮೆಯ ಮಕ್ಕಳಿಗಿಂತ ಭಾಗ್ಯವಂತರು ಯಾರು? ಮರಳಿನಲ್ಲಿ ಹೂತ ದೇಗುಲಗಳ ತಲಕಾಡು ನಮ್ಮ ಪಕ್ಕದಲ್ಲಿದೆ. ದೇಶದ ಶಾಸನಗಳನ್ನು ಓದುವ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. ಶಕ್ತಿ ಎಂದಾಗ ಕಬ್ಬಿನ ಸಿಪ್ಪೆ ಉರಿಸುವ ಆಲೆಮನೆಯ ಒಲೆಗಿಂತ ಒಳ್ಳೆಯ ಪಾಠ ಇನ್ನೆಲ್ಲಿ? ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರಗಳಿಗೂ, ಆಲೆಮನೆಯ ಯಜಮಾನರ ಜೊತೆ ಎರಡು ಸಂಜೆ ಕುಳಿತು ಬರೆದುಕೊಂಡ ಹಾಳೆಗಳಿಗೂ ಇರುವ ವ್ಯತ್ಯಾಸ ತೀರ್ಪುಗಾರರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮಗನಿಗೆ ಇಂಗ್ಲಿಷ್ ಬಾರದು. ತೀರ್ಪುಗಾರರ ಮುಂದೆ ಬಾಯಿ ಕಟ್ಟಿಹೋಗುತ್ತದೆ. ಅವನನ್ನು ಬಿಟ್ಟು ಬೇರೆಯವರನ್ನು ಕಳುಹಿಸುತ್ತೀರಾ?

ಇಲ್ಲ, ಅವನೇ ಬರಬೇಕು. ದರ್ಜೆಯ ಪಟ್ಟಿಯಲ್ಲಿ ಇಂಗ್ಲಿಷಿಗೆ ಅಂಕವಿಲ್ಲ. ಮಕ್ಕಳು ಕನ್ನಡದಲ್ಲಿ ಉತ್ತರಿಸುತ್ತಾರೆ ಎಂದು ಸಂಘಟಕರಿಗೆ ನಾನು ಮೊದಲೇ ಬರೆದು ತಿಳಿಸುತ್ತೇನೆ. ಕನ್ನಡ ಬಾರದ ತೀರ್ಪುಗಾರರಾದರೆ ತಂಡದ ಇನ್ನೊಂದು ಮಗು ಅನುವಾದಿಸಲಿ. ಇದನ್ನು ಶಾಲೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿಸಿ.

ಕಬ್ಬು ಬೆಳೆಯುವ ಮನೆಯ ಹುಡುಗನೊಬ್ಬ ನಮ್ಮ ತಂಡದಲ್ಲಿದ್ದ. ‘ಈ ಸಣ್ಣ ಚಕ್ರ ಏಕೆ ಆರಿಸಿದಿರಿ?’ ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು. ಅವನು ಉತ್ತರ ಹೇಳಲಿಲ್ಲ. ರೋಬೋಟನ್ನು ಮಗುಚಿ ಹಾಕಿ, ಚೀಲದಿಂದ ಹಳೆಯ ದೊಡ್ಡ ಚಕ್ರ ತೆಗೆದು, ಎರಡರ ಮೇಲೂ ಹೆಬ್ಬೆರಳು ಉರುಳಿಸಿ ಒಂದೊಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಆಮೇಲೆ ಕನ್ನಡದಲ್ಲಿ ‘ಒಂದು ಡಿಗ್ರಿ ತಪ್ಪಿದರೆ ದೊಡ್ಡದು ಜಾಸ್ತಿ ತಪ್ಪುತ್ತದೆ, ಚಿಕ್ಕದು ಕಡಿಮೆ ತಪ್ಪುತ್ತದೆ’ ಎಂದ. ಪಕ್ಕದ ಹುಡುಗಿ ಅನುವಾದಿಸುವ ಮೊದಲೇ ಪ್ರಶ್ನೆ ಕೇಳಿದವರು ತಲೆಯಾಡಿಸುತ್ತಿದ್ದರು. ಆ ವರ್ಷ ನಾವು ಮುಂದಿನ ಸುತ್ತಿಗೆ ಹೋದೆವು.

ಮಾರ್ಗದರ್ಶಿ ಎಷ್ಟರ ಮಟ್ಟಿಗೆ ಸಹಾಯ ಮಾಡಬಹುದು?

ಪ್ರಶ್ನೆ ಕೇಳಬಹುದು, ಉಪಕರಣ ಹಿಡಿಯುವುದನ್ನು ಕಲಿಸಬಹುದು, ಊಟ ತಂದುಕೊಡಬಹುದು. ರೋಬೋಟ್ ಕಟ್ಟುವಂತಿಲ್ಲ, ಪ್ರೋಗ್ರಾಂ ಬರೆಯುವಂತಿಲ್ಲ. ಹಣ ತೆಗೆದುಕೊಂಡು ಸಿದ್ಧ ರೋಬೋಟ್ ಕೊಡುವ ತರಬೇತಿ ಕೇಂದ್ರವೊಂದು ನಮ್ಮ ಮಕ್ಕಳ ಪೋಷಕರನ್ನೂ ಸಂಪರ್ಕಿಸಿತ್ತು. ಅಂತಹ ರೋಬೋಟ್ ಮೇಜಿನ ಮೇಲೆ ಓಡಬಹುದು. ಆದರೆ ‘ಈ ಸಾಲನ್ನು ತೆಗೆದರೆ ಏನಾಗುತ್ತದೆ?’ ಎಂಬ ಒಂದು ಪ್ರಶ್ನೆಗೆ ಮಗು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಆ ಅವಮಾನ ಮಗುವಿನದಲ್ಲ, ದೊಡ್ಡವರದು.

## ಸ್ವಲ್ಪ ಮುಂದೆ ಹೋದವರಿಗೆ

ಡಬ್ಲ್ಯುಆರ್‌ಒದಲ್ಲಿ ಅಚ್ಚರಿಯ ನಿಯಮ ಎಂದು ಒಂದು ಇದೆಯಂತೆ, ಅದಕ್ಕೆ ತಯಾರಿ ಮಾಡುವುದು ಹೇಗೆ?

ರೋಬೋಮಿಷನ್‌ನಲ್ಲಿ ರೋಬೋಟ್ ಓಡಲು ಎರಡು ನಿಮಿಷ. ಹೊರಡುವ ಮುನ್ನ ಅದು ಉದ್ದ, ಅಗಲ, ಎತ್ತರ ಮೂರರಲ್ಲೂ 250 ಮಿಲಿಮೀಟರ್ ಒಳಗಿರಬೇಕು. ಅಭ್ಯಾಸದ ಸಮಯ ಮುಗಿದ ಮೇಲೆ ಎಲ್ಲ ರೋಬೋಟ್‌ಗಳನ್ನೂ ಒಂದು ಮೇಜಿನ ಮೇಲೆ ಇರಿಸಿಬಿಡುತ್ತಾರೆ. ಆಮೇಲೆ ಚೀಟಿ ಎತ್ತಿದಂತೆ ಮೈದಾನದ ಕೆಲವು ವಸ್ತುಗಳ ಜಾಗ ನಿಗದಿಯಾಗುತ್ತದೆ. ಇದರ ಮೇಲೆ, ಸ್ಪರ್ಧೆಯ ದಿನವೇ ಹೊಸದೊಂದು ನಿಯಮ ಪ್ರಕಟವಾಗುತ್ತದೆ. ಮಾರ್ಗದರ್ಶಿ ಆಗ ಮಕ್ಕಳ ಹತ್ತಿರ ಸುಳಿಯುವಂತಿಲ್ಲ.

ತಯಾರಿ ಎಂದರೆ ಪ್ರೋಗ್ರಾಂ ಅನ್ನು ಸಣ್ಣ ಸಣ್ಣ ತುಂಡುಗಳಾಗಿ ಬರೆದಿಡುವುದು. ಗೆರೆ ಹಿಡಿದು ನಡೆ, ಅಡ್ಡಗೆರೆಯಲ್ಲಿ ನಿಲ್ಲು, ತೊಂಬತ್ತು ಡಿಗ್ರಿ ತಿರುಗು, ಎತ್ತಿಕೋ, ಇಳಿಸು. ಹೊಸ ಕೆಲಸ ಬಂದಾಗ ಇವೇ ತುಂಡುಗಳನ್ನು ಬೇರೆ ಕ್ರಮದಲ್ಲಿ ಪೋಣಿಸಿದರೆ ಆಯಿತು. ವಾರಕ್ಕೊಮ್ಮೆ ನಾನು ಬೆಳಿಗ್ಗೆ ಒಂದು ಹೊಸ ನಿಯಮವನ್ನು ಬೋರ್ಡಿನ ಮೇಲೆ ಬರೆದು ಕೋಣೆಯಿಂದ ಹೊರಗೆ ಹೋಗುತ್ತೇನೆ. ಮೊದಲ ತಿಂಗಳು ಜಗಳವಾಗುತ್ತದೆ. ಮೂರನೇ ತಿಂಗಳಿಗೆ ಅವರವರೇ ಕೆಲಸ ಹಂಚಿಕೊಂಡಿರುತ್ತಾರೆ.

ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಎದುರಾಳಿ ತಂಡದ ಜೊತೆಯೇ ಸೇರಿ ಆಡಬೇಕಂತೆ, ನಿಜವೇ?

ನಿಜ. ಎರಡೆರಡು ತಂಡಗಳ ಕೂಟಗಳಾಗಿ ಆಡುತ್ತಾರೆ. ಈ ಪಂದ್ಯದ ಜೊತೆಗಾರ ಮುಂದಿನ ಪಂದ್ಯದಲ್ಲಿ ಎದುರಾಳಿ. ಮೊದಲ 30 ಸೆಕೆಂಡು ರೋಬೋಟ್ ತಾನಾಗಿ ಓಡಬೇಕು, ನಂತರದ ಎರಡು ನಿಮಿಷ ಮಕ್ಕಳು ನಡೆಸುತ್ತಾರೆ. ಅಂತಿಮ ಹಂತಕ್ಕೆ ಮುನ್ನ ಮೇಲಿನ ಸ್ಥಾನದ ತಂಡಗಳು ತಮ್ಮ ಜೊತೆಗಾರರನ್ನು ಕರೆದು ಆರಿಸಿಕೊಳ್ಳುತ್ತವೆ. ಹಾಗಾಗಿ ಎಂಟನೇ ಸ್ಥಾನದಲ್ಲಿದ್ದರೂ ಒಂದು ಕೆಲಸವನ್ನು ತಪ್ಪದೆ ಮಾಡುವ ರೋಬೋಟ್‌ಗೆ ಕರೆ ಬರುತ್ತದೆ. ದಿನವಿಡೀ ಪಕ್ಕದ ತಂಡಗಳ ಬಳಿ ಹೋಗಿ ‘ನಮ್ಮದು ಇದನ್ನು ಮಾಡುತ್ತದೆ’ ಎಂದು ಹೇಳಿ ಬರುವ ಮಕ್ಕಳು ಬೇಕು. ಮುಖಪುಟ ಬಿಟ್ಟು 15 ಪುಟ ಮೀರದ ಇಂಜಿನಿಯರಿಂಗ್ ದಾಖಲೆಯನ್ನೂ ಕೊಡಬೇಕು. ಮುಂದಿನ ಸುತ್ತಿನ ಆಯ್ಕೆಯಲ್ಲಿ ಪಂದ್ಯಗಳಂತೆ ತೀರ್ಪುಗಾರರ ಪ್ರಶಸ್ತಿಗಳಿಗೂ ಬೆಲೆಯಿದೆ.

ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಡಿಡಿ ರೋಬೋಕಾನ್‌ಗೆ ಕಾಲೇಜಿನಿಂದ ಹೋಗುವುದು ಹೇಗೆ?

ಇದು ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟದ ಸ್ಪರ್ಧೆ. 2002ರಲ್ಲಿ ಟೋಕಿಯೊದಲ್ಲಿ ಶುರುವಾಯಿತು. ನಮ್ಮ ದೇಶದ ಸುತ್ತಿನ ಹಿಂದೆ ದೂರದರ್ಶನ ಇದೆ. ಇಲ್ಲಿ ಪ್ರಾದೇಶಿಕ ಪಂದ್ಯಗಳ ಬದಲು ಕಾಗದದ ಸುತ್ತು ಇರುತ್ತದೆ. ಮೊದಲು ವಿನ್ಯಾಸದ ವರದಿ, ನಂತರ ರೋಬೋಟ್ ಕೆಲಸ ಮಾಡುವ ವಿಡಿಯೊ. ಎರಡನ್ನೂ ದಾಟಿದ ಕಾಲೇಜುಗಳು ರಾಷ್ಟ್ರೀಯ ಸುತ್ತಿಗೆ ಹೋಗುತ್ತವೆ. ಅಲ್ಲಿ ಗೆದ್ದವರು ದೇಶವನ್ನು ಪ್ರತಿನಿಧಿಸುತ್ತಾರೆ.

ವಿಡಿಯೊದಲ್ಲಿ ಹಿನ್ನೆಲೆ ಸಂಗೀತ, ಕತ್ತರಿಸಿ ಅಂಟಿಸಿದ ತುಣುಕುಗಳು ಬೇಡ. ಒಂದೇ ಓಟವನ್ನು ಆರಂಭದಿಂದ ಕೊನೆಯವರೆಗೆ ಒಂದೇ ಕ್ಯಾಮೆರಾದಲ್ಲಿ ತೋರಿಸಿ. ಪ್ರತಿ ವರ್ಷ ಆತಿಥೇಯ ದೇಶವೇ ಸ್ಪರ್ಧೆಯ ವಸ್ತುವನ್ನು ಕೊಡುತ್ತದೆ. 2022ರಲ್ಲಿ ಸ್ಪರ್ಧೆ ದೆಹಲಿಗೆ ಬಂದಾಗ ವಸ್ತು ಯಾವುದಿತ್ತು ಗೊತ್ತೇ? ಲಗೋರಿ! ಚೆಂಡೆಸೆದು ಬಿಲ್ಲೆ ಬೀಳಿಸುವ, ಮತ್ತೆ ಜೋಡಿಸುವ ನಮ್ಮ ಬೀದಿಯಾಟಕ್ಕೆ ಏಷ್ಯಾದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಯಂತ್ರ ಕಟ್ಟಿದರು. ಆ ಸುದ್ದಿ ಓದಿದ ದಿನ ನನ್ನ ತರಗತಿಯಲ್ಲಿ ಪಾಠ ನಡೆಯಲಿಲ್ಲ, ಮೈದಾನಕ್ಕೆ ಹೋದೆವು.

ಕಾಲೇಜಿನಲ್ಲಿ ಇಷ್ಟು ದೊಡ್ಡ ತಂಡ ಕಟ್ಟಲಾಗದಿದ್ದರೆ ಐಐಟಿ ಬಾಂಬೆಯ ಇ-ಯಂತ್ರ ಸ್ಪರ್ಧೆ ನೋಡಿ. ಮನೆಯಲ್ಲೇ ಕುಳಿತು ಹಂತ ಹಂತವಾಗಿ ಕೆಲಸ ಮುಗಿಸುತ್ತಾ ಅಂತಿಮ ಸುತ್ತಿನತ್ತ ಹೋಗುವ ದಾರಿ ಅದು.

## ಆಯ್ಕೆಯಾದ ಮೇಲೆ

ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇದೆಲ್ಲ ಬೇಕೇ? ಮುಂದೆ ಸೀಟಿಗೆ ಉಪಯೋಗವಾಗುತ್ತದೆಯೇ?

ಸಿಇಟಿ ರ್‍ಯಾಂಕಿಗೆ ಇದರಿಂದ ಒಂದು ಅಂಕವೂ ಸೇರುವುದಿಲ್ಲ. ಆ ಆಸೆಯಿಂದ ಕಳುಹಿಸಬೇಡಿ. ಹತ್ತನೇ ತರಗತಿಯ ಮಕ್ಕಳನ್ನು ನಾನು ಡಿಸೆಂಬರ್‌ವರೆಗೆ ಮಾತ್ರ ಪೂರ್ತಿ ತೊಡಗಿಸುತ್ತೇನೆ. ಆಮೇಲಿನ ಕೆಲಸ ಎಂಟು, ಒಂಬತ್ತರ ಮಕ್ಕಳದು. ಮನೆಯವರ ಒಪ್ಪಿಗೆ ಇಲ್ಲದೆ ಯಾರನ್ನೂ ಉಳಿಸಿಕೊಳ್ಳುವುದಿಲ್ಲ.

ಆಯ್ಕೆಯಾಯಿತು ಎಂದು ಫೋನ್ ಬಂತು. ಈಗ ಮೊದಲು ಏನು ಮಾಡಬೇಕು?

ಮೊದಲು ಟಿಕೆಟ್. ಸ್ಪರ್ಧೆ ದೆಹಲಿಯ ಕಡೆಯಾದರೆ ಮೈಸೂರಿನಿಂದ ನಿಜಾಮುದ್ದೀನ್‌ಗೆ ಹೋಗುವ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಇದೆ. ಆ ವಾರ ತಪ್ಪಿದರೆ ಬೆಂಗಳೂರಿಗೆ ಹೋಗಿ ಬೇರೆ ರೈಲು ಹಿಡಿಯಬೇಕು. ಪೋಷಕರ ಒಪ್ಪಿಗೆ ಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್ ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿದ್ದರೆ ಒಬ್ಬ ಶಿಕ್ಷಕಿಯೋ ತಾಯಿಯೋ ಜೊತೆಗೆ ಬರಲೇಬೇಕು. ವಿಮಾನವಾದರೆ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿ, ಸ್ಕ್ರೂಡ್ರೈವರ್‌ಗಳು ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ. ಅದಲುಬದಲಾದರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ.

ರೋಬೋಟನ್ನು ಬಿಡಿಸಬೇಡಿ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬೆಡ್‌ಶೀಟ್ ಸುತ್ತಿ ಇಡಿ, ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ದಾರಿಯಲ್ಲಿ ಯಾವ ತುಂಡು ಕಳಚಿದರೂ ಎಲ್ಲಿಯದೆಂದು ತಿಳಿಯುತ್ತದೆ. ಪ್ರೋಗ್ರಾಂನ ಪ್ರತಿ ಎರಡು ಪೆನ್‌ಡ್ರೈವ್‌ನಲ್ಲಿ, ಇಬ್ಬರು ಬೇರೆ ಬೇರೆ ಮಕ್ಕಳ ಚೀಲದಲ್ಲಿರಲಿ. ಎರಡು ಬಿಡಿ ಚಕ್ರ, ಒಂದು ಬಿಡಿ ಮೋಟಾರ್, ಕೇಬಲ್, ಎಕ್ಸ್‌ಟೆನ್ಷನ್ ಬೋರ್ಡ್, ಚಕ್ರ ಒರೆಸಲು ಶುದ್ಧವಾದ ಹತ್ತಿ ಬಟ್ಟೆ. ನಮ್ಮ ಮಕ್ಕಳು ಇವುಗಳ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದಾರೆ. ಹೊರಡುವ ಹಿಂದಿನ ಸಂಜೆ ಒಬ್ಬರು ಓದುತ್ತಾರೆ, ಇನ್ನೊಬ್ಬರು ಮುಟ್ಟಿ ನೋಡಿ ಸರಿ ಗುರುತು ಹಾಕುತ್ತಾರೆ.